ಸರಕು ಹಡಗು, ಹಳೆಯ ಟ್ರಾಮ್, ಹಳೆಯ ಸ್ಪೋರ್ಟ್ಸ್ ಕಾರು: ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೂರನ್ನೂ ಒಂದೇ ಚೌಕಟ್ಟಿಗೆ ತರಬಹುದೇ?

ಮಲೆನಾಡಿಗ_ಫ್ರೀಮಾಂಟ್:

ಎಲ್ಲರಿಗೂ ನಮಸ್ಕಾರ. ಫ್ರೀಮಾಂಟ್‌ಗೆ ಬಂದು ಮೂರು ವರ್ಷಗಳಾದವು. ಈ ಅವಧಿಯಲ್ಲಿ ತೆಗೆದ ಚಿತ್ರಗಳನ್ನು ಮೊನ್ನೆ ಒಂದೆಡೆ ಹರಡಿಕೊಂಡು ಕುಳಿತಾಗ ಅವು ತಾವಾಗಿಯೇ ಮೂರು ಗುಂಪಾದವು. ಗೋಲ್ಡನ್ ಗೇಟ್ ಸೇತುವೆಯ ಕೆಳಗೆ ಹಾದು ಓಕ್‌ಲ್ಯಾಂಡ್ ಬಂದರಿಗೆ ಹೋಗುವ ಕಂಟೇನರ್ ಹಡಗುಗಳು ಒಂದು ಗುಂಪು, ಸ್ಯಾನ್ ಫ್ರಾನ್ಸಿಸ್ಕೋದ ಎಫ್ ಮಾರ್ಗದಲ್ಲಿ ಓಡುವ ಹಳೆಯ ಟ್ರಾಮ್‌ಗಳು ಇನ್ನೊಂದು, ವುಡ್‌ಸೈಡ್ ಮೇಲಿನ ಬೆಟ್ಟದ ರಸ್ತೆಗಳಲ್ಲಿ ಭಾನುವಾರ ಬೆಳಿಗ್ಗೆ ಕಾಣಸಿಗುವ 1950 ಮತ್ತು 60ರ ದಶಕದ ಸ್ಪೋರ್ಟ್ಸ್ ಕಾರುಗಳು ಮತ್ತೊಂದು. ಇವುಗಳಲ್ಲಿ ಯಾವುದನ್ನೂ ನಾನು ಉದ್ದೇಶಪೂರ್ವಕವಾಗಿ ಆರಿಸಿಕೊಂಡಿರಲಿಲ್ಲ.

ಈಗ ಒಂದು ಹುಚ್ಚು ಹತ್ತಿದೆ. ಮೂರೂ ಒಂದೇ ಚಿತ್ರದಲ್ಲಿ, ಒಂದೇ ಕ್ಷಣದಲ್ಲಿ, ಯಾವ ತಂತ್ರಾಂಶದ ಜೋಡಣೆಯೂ ಇಲ್ಲದೆ ಬರಬೇಕು. ಪಕ್ಕದ ಮನೆಯವರ ಬಳಿ ಕಡುಹಸಿರು ಬಣ್ಣದ ಒಂದು ಎಂಜಿಬಿ ಕಾರಿದೆ, ಅದನ್ನು ತರಲು ಅವರು ಒಪ್ಪಿದ್ದಾರೆ. ಎಂಬಾರ್ಕಡೆರೋ ರಸ್ತೆಯಲ್ಲಿ ಟ್ರಾಮ್ ಓಡುತ್ತದೆ, ಅದರ ಹಿಂದೆ ಕೊಲ್ಲಿಯ ನೀರಿದೆ. ಆದರೆ ಎರಡು ಬಾರಿ ಹೋಗಿ ಬರಿಗೈಯಲ್ಲಿ ಮರಳಿದ್ದೇನೆ. ಒಮ್ಮೆ ಹಡಗು ಬಂದಾಗ ಟ್ರಾಮ್ ಇರಲಿಲ್ಲ, ಇನ್ನೊಮ್ಮೆ ಟ್ರಾಮ್ ಬಂದಾಗ ಅದರ ಹಿಂದೆ ಉಗ್ರಾಣದ ಗೋಡೆಯೇ ತುಂಬಿಕೊಂಡಿತ್ತು. ಎಲ್ಲಿ ನಿಲ್ಲಬೇಕು, ಯಾವ ಹೊತ್ತಿನಲ್ಲಿ, ಯಾವ ಲೆನ್ಸ್‌ನಿಂದ ತೆಗೆಯಬೇಕು ಎಂಬುದನ್ನು ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ತಂತಿಯಡಿಯ ಗಾಡಿ:

ನಾನು ಈ ಊರಿನಲ್ಲಿ ಟ್ರಾಮ್‌ಗಳನ್ನಷ್ಟೇ ಹಿಂಬಾಲಿಸುವವನು, ಆದ್ದರಿಂದ ಆ ಭಾಗವನ್ನು ಮಾತ್ರ ಹೇಳುತ್ತೇನೆ.

ಎಫ್ ಮಾರ್ಗ ಪೂರ್ಣಾವಧಿಯ ಸೇವೆಯಾಗಿ ಆರಂಭವಾದದ್ದು 1995ರ ಸೆಪ್ಟೆಂಬರ್ 1ರಂದು, ಅದೂ ಮಾರ್ಕೆಟ್ ಸ್ಟ್ರೀಟ್‌ನಲ್ಲಿ ಮಾತ್ರ. ಕಡಲ ಅಂಚಿನ ಎಂಬಾರ್ಕಡೆರೋದಲ್ಲಿ ಫಿಶರ್‌ಮನ್ಸ್ ವಾರ್ಫ್‌ವರೆಗೆ ಅದು ವಿಸ್ತರಿಸಿದ್ದು 2000ದ ಮಾರ್ಚ್‌ನಲ್ಲಿ. ಇದರ ಬೀಜ 1983ರಲ್ಲೇ ಬಿದ್ದಿತ್ತು. ನೆಲದಡಿಯ ಕೇಬಲ್ ಎಳೆಯುವ ಇಲ್ಲಿನ ಕೇಬಲ್ ಕಾರುಗಳ ವ್ಯವಸ್ಥೆಯನ್ನು ಸಂಪೂರ್ಣವಾಗಿ ಕಿತ್ತು ಮರುನಿರ್ಮಿಸಲು 1982ರಿಂದ 84ರವರೆಗೆ ನಿಲ್ಲಿಸಿದ್ದಾಗ, ಪ್ರವಾಸಿಗರಿಗೆ ಏನಾದರೂ ಆಕರ್ಷಣೆ ಇರಲಿ ಎಂದು ಬೇರೆ ಬೇರೆ ದೇಶಗಳ ಹಳೆಯ ಟ್ರಾಮ್‌ಗಳನ್ನು ಬೇಸಿಗೆಯ ಉತ್ಸವವೊಂದರಲ್ಲಿ ಓಡಿಸಿದರು. ಜನ ಅದನ್ನು ಬಿಡಲಿಲ್ಲ.

ಇಂದು ನೀವು ಕಾಣುವ ಗಾಡಿಗಳಲ್ಲಿ ಹೆಚ್ಚಿನವು ಪಿಸಿಸಿ ಎಂಬ ಜಾತಿಯವು. 1929ರಲ್ಲಿ ಅಮೆರಿಕದ ಟ್ರಾಮ್ ಕಂಪನಿಗಳ ಅಧ್ಯಕ್ಷರು ಸೇರಿ ರಚಿಸಿದ ಸಮಿತಿಯು, ಕಾರುಗಳ ಪೈಪೋಟಿಯನ್ನು ಎದುರಿಸಲು ರೂಪಿಸಿದ ವಿನ್ಯಾಸವದು. ಇಲ್ಲಿರುವವು ಬಹುಪಾಲು 1940ರ ದಶಕದಲ್ಲಿ ಸೇಂಟ್ ಲೂಯಿಸ್‌ನ ಕಾರ್ಖಾನೆಯಲ್ಲಿ ತಯಾರಾಗಿ, ಮೊದಲು ಫಿಲಡೆಲ್ಫಿಯಾದಲ್ಲಿಯೋ ಮಿನಿಯಾಪೊಲಿಸ್‌ನಲ್ಲಿಯೋ ದುಡಿದು, ಕೊನೆಗೆ ಇಲ್ಲಿಗೆ ಬಂದವು. ಒಂದೊಂದಕ್ಕೂ ಹಿಂದೆ ಟ್ರಾಮ್ ಓಡಿಸುತ್ತಿದ್ದ ಒಂದೊಂದು ನಗರದ ಬಣ್ಣ ಬಳಿದಿದ್ದಾರೆ. ಜೊತೆಗೆ ಇಟಲಿಯ ಮಿಲಾನ್‌ನಿಂದ ಬಂದ 1928ರ ಗಾಡಿಗಳಿವೆ, ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಿಂದ ಬಂದ 1934ರ ಛಾವಣಿಯಿಲ್ಲದ ದೋಣಿ ಟ್ರಾಮ್‌ಗಳಿವೆ. ದೋಣಿ ಟ್ರಾಮ್ ದಿನವೂ ಹೊರಬರುವುದಿಲ್ಲ, ಹವೆ ಚೆನ್ನಾಗಿರುವ ಕೆಲವೇ ದಿನಗಳಲ್ಲಿ ಕಾಣುತ್ತದೆ. ಅದಕ್ಕಾಗಿ ಕಾದು ನಿಂತು ಹಡಗನ್ನೂ ಬಯಸುವುದು ಅತಿಯಾಸೆ.

ಬೆಳಕಿನ ಲೆಕ್ಕ ಹೀಗಿದೆ. ಬೆಳಿಗ್ಗೆ ಸೂರ್ಯ ಕೊಲ್ಲಿಯ ಕಡೆಯಿಂದ ಬರುತ್ತಾನೆ. ಆಗ ನೀರಿನ ಪಕ್ಕದ ಕಾಲುದಾರಿಯಲ್ಲಿ ನಿಂತು ನಗರದ ಕಡೆ ಮುಖ ಮಾಡಿದರೆ ಟ್ರಾಮ್‌ನ ಪಕ್ಕಕ್ಕೆ ಒಳ್ಳೆಯ ಬೆಳಕು ಬೀಳುತ್ತದೆ. ಹಿಂದೆ ಹಡಗು ಬೇಕೆಂದರೆ ನಗರದ ಕಡೆ ನಿಂತು ನೀರಿನತ್ತ ನೋಡಬೇಕು, ಅಂದರೆ ಮಧ್ಯಾಹ್ನದ ನಂತರವೇ ಸರಿ. ಆದರೆ ತೀರಾ ತಡಮಾಡಿದರೆ ನಗರದ ಎತ್ತರದ ಕಟ್ಟಡಗಳ ನೆರಳು ಹಳಿಯ ಮೇಲೆ ಬಂದು ಮಲಗುತ್ತದೆ.

ಉಗ್ರಾಣದ ಗೋಡೆ ಅಡ್ಡ ಬಂತು ಎಂದಿರಿ. ಫೆರಿ ಬಿಲ್ಡಿಂಗ್‌ನಿಂದ ಪಿಯರ್ (ನೀರಿಗೆ ಚಾಚಿದ ಹಡಗುಕಟ್ಟೆ) 39ರವರೆಗೆ ಬಹುತೇಕ ಎಲ್ಲೆಡೆಯೂ ಅದೇ ಕಥೆ. ಬ್ರಾಡ್‌ವೇ ಬಂದು ಎಂಬಾರ್ಕಡೆರೋಗೆ ಸೇರುವಲ್ಲಿ ಮಾತ್ರ ಒಂದು ಕಿಂಡಿಯಿದೆ. ಅಲ್ಲಿನ ಪಿಯರ್ 7ರ ಮೇಲೆ ಕಟ್ಟಡವಿಲ್ಲ. ಜನ ಅಡ್ಡಾಡಲು, ಗಾಳ ಹಾಕಲು ಬಿಟ್ಟಿರುವ ಮರದ ಹಾಸಿನ ಉದ್ದನೆಯ ಕಟ್ಟೆಯದು. ಅದರ ಇಕ್ಕೆಲದ 5 ಮತ್ತು 9ನೆಯ ಪಿಯರ್‌ಗಳ ಕಟ್ಟಡಗಳ ನಡುವೆ ನೀರು ಕಾಣುತ್ತದೆ.

ಪಣಂಬೂರಿನವ:

ನಾನು ಮಂಗಳೂರಿನಿಂದ ಬರೆಯುತ್ತಿದ್ದೇನೆ. ಇಪ್ಪತ್ತೆರಡು ವರ್ಷ ಹಡಗುಗಳ ಡೆಕ್ ಮೇಲೆ ಕಳೆದವನು, ಓಕ್‌ಲ್ಯಾಂಡ್‌ಗೆ ಹಲವು ಬಾರಿ ಬಂದಿದ್ದೇನೆ. ಸೇತುವೆಯ ಮೇಲೆ, ಗುಡ್ಡದ ಮೇಲೆ ನಿಂತು ನಮ್ಮತ್ತ ಕ್ಯಾಮೆರಾ ತಿರುಗಿಸುತ್ತಿದ್ದವರು ನಮಗೆ ಸಾಸಿವೆ ಕಾಳಿನಷ್ಟು ಕಾಣುತ್ತಿದ್ದರು. ಆ ಸಾಸಿವೆ ಕಾಳುಗಳಲ್ಲಿ ನೀವೂ ಇದ್ದಿರಬಹುದು.

ಹಡಗಿನ ಚಲನೆ ತಿಳಿದರೆ ನಿಮ್ಮ ಕಾಯುವಿಕೆ ಅರ್ಧಕ್ಕಿಳಿಯುತ್ತದೆ. ಸಮುದ್ರದಿಂದ ಬರುವ ಹಡಗು ಗೋಲ್ಡನ್ ಗೇಟ್‌ಗಿಂತ ಬಹಳ ಹೊರಗೇ ಸ್ಥಳೀಯ ಪೈಲಟ್ ಒಬ್ಬರನ್ನು, ಅಂದರೆ ಬಂದರಿನ ದಾರಿ ಬಲ್ಲ ನಾವಿಕರನ್ನು, ಹತ್ತಿಸಿಕೊಳ್ಳುತ್ತದೆ. ಅಂದಹಾಗೆ, ಆ ಪೈಲಟ್‌ಗಳ ನೆಲೆ ಇರುವುದು ಮೇಲಿನವರು ಹೇಳಿದ ಪಿಯರ್ 9ರಲ್ಲೇ. ಕೊಲ್ಲಿಯೊಳಗೆ ದೊಡ್ಡ ಹಡಗುಗಳಿಗೆ 15 ನಾಟ್‌ಗಳ (ಗಂಟೆಗೆ ಸುಮಾರು 28 ಕಿ.ಮೀ.) ಮಿತಿ ಇದೆ, ಸೇತುವೆಗಳ ಬಳಿ ಸಾಮಾನ್ಯವಾಗಿ ಇನ್ನೂ ನಿಧಾನವಾಗಿಯೇ ಸಾಗುತ್ತೇವೆ. ಗೋಲ್ಡನ್ ಗೇಟ್ ದಾಟಿ, ನಗರದ ದಂಡೆಗೂ ಟ್ರೆಷರ್ ದ್ವೀಪಕ್ಕೂ ನಡುವೆ ಹಾದು, ಬೇ ಬ್ರಿಜ್‌ನ ಪಶ್ಚಿಮ ಭಾಗದ ಕೆಳಗೆ ನುಸುಳಿ ಓಕ್‌ಲ್ಯಾಂಡ್‌ನ ಕಾಲುವೆಗೆ ತಿರುಗುತ್ತೇವೆ. ನಿಮ್ಮ ಟ್ರಾಮ್‌ನ ಹಿಂದೆ ಹಡಗು ಪಕ್ಕದಿಂದ ಉದ್ದಕ್ಕೆ ಕಾಣುವುದು ಈ ನಡುವಿನ ಹಾದಿಯಲ್ಲೇ. ಹಡಗು ಎಲ್ಲಿದೆ ಎಂಬುದನ್ನು ಅದು ತನ್ನ ಸ್ಥಾನ ತಿಳಿಸಲು ಕಳಿಸುವ ಎಐಎಸ್ ರೇಡಿಯೋ ಸಂಕೇತವನ್ನು ತೋರಿಸುವ ಮೊಬೈಲ್ ಆ್ಯಪ್‌ಗಳಲ್ಲಿ ನೋಡಿಕೊಳ್ಳಿ. ಗೋಲ್ಡನ್ ಗೇಟ್ ದಾಟಿತು ಎಂದು ಕಂಡಾಗ ಕ್ಯಾಮೆರಾ ಹೊರತೆಗೆದರೂ ಸಾಕಷ್ಟು ಸಮಯವಿರುತ್ತದೆ.

ಗೋಲ್ಡನ್ ಗೇಟ್‌ನಲ್ಲಿ ಬರೀ ಹಡಗನ್ನು ತೆಗೆಯುವವರಿಗೆ ಒಂದು ಮಾತು. ಒಳಬರುವ ಹಡಗಿನ ಮೂತಿ ಪೂರ್ವಕ್ಕೆ, ಹೊರಹೋಗುವ ಹಡಗಿನ ಮೂತಿ ಪಶ್ಚಿಮಕ್ಕೆ. ಆದ್ದರಿಂದ ಬೆಳಿಗ್ಗೆ ಒಳಬರುವ ಹಡಗನ್ನೂ ಸಂಜೆ ಹೊರಹೋಗುವ ಹಡಗನ್ನೂ ತೆಗೆಯಿರಿ, ಮುಖಕ್ಕೆ ಬೆಳಕು ಬೀಳುತ್ತದೆ. ಇದನ್ನು ತಿರುವುಮುರುವು ಮಾಡಿಕೊಂಡು, ಕತ್ತಲೆ ಮುಸುಕಿದ ಮೂತಿಯನ್ನು ಕಂಪ್ಯೂಟರ್‌ನಲ್ಲಿ ಬೆಳಗಿಸಲು ಒದ್ದಾಡುವವರನ್ನು ಬಹಳ ನೋಡಿದ್ದೇನೆ. ಸೇತುವೆಯ ಉತ್ತರದ ಮರಿನ್ ಗುಡ್ಡಗಳ ಕಡೆಯಿಂದ ತೆಗೆದರೆ ಹಿನ್ನೆಲೆಯಲ್ಲಿ ನಗರ ಸಿಗುತ್ತದೆ, ಆದರೆ ದಕ್ಷಿಣಕ್ಕೆ ಮುಖ ಮಾಡುವುದರಿಂದ ನಡುಹಗಲಿನಲ್ಲಿ ಬಿಸಿಲು ಎದುರಾಗುತ್ತದೆ. ದಕ್ಷಿಣ ದಡದ ಫೋರ್ಟ್ ಪಾಯಿಂಟ್, ಕ್ರಿಸ್ಸಿ ಫೀಲ್ಡ್ ಕಡೆಯಿಂದ ಬಿಸಿಲು ಬೆನ್ನಿಗಿರುತ್ತದೆ.

ಹಡಗಿನ ಹೊಟ್ಟೆಯನ್ನೂ ಗಮನಿಸಿ. ನೀರಿನ ಮೇಲೆ ಕೆಂಪು ಬಣ್ಣದ ಪಟ್ಟಿ ಅಗಲವಾಗಿ ಕಂಡರೆ ಹಡಗು ಹಗುರವಾಗಿದೆ ಎಂದರ್ಥ. ಆ ಕೆಂಪು ಅಲಂಕಾರಕ್ಕಲ್ಲ. ಚಿಪ್ಪುಜೀವಿಗಳು ಅಂಟದಂತೆ ಬಳಿಯುವ ಬಣ್ಣದಲ್ಲಿ ತಾಮ್ರದ ಆಕ್ಸೈಡ್ ಇರುತ್ತದೆ, ಅದರ ಕೆಂಪು ಅದು. ಒಂದೇ ಹಡಗನ್ನು ಒಳಬರುವಾಗಲೂ ಹೊರಹೋಗುವಾಗಲೂ ತೆಗೆದು ಆ ಪಟ್ಟಿಯನ್ನು ಹೋಲಿಸಿ ನೋಡಿದರೆ, ಬಂದರಿನಲ್ಲಿ ಏನು ನಡೆಯಿತು ಎಂಬುದು ಚಿತ್ರದಲ್ಲೇ ಓದಿಗೆ ಸಿಗುತ್ತದೆ.

ಹಳೇ ಬಾನೆಟ್:

ಮಲೆನಾಡಿಗರೇ, ನಿಮ್ಮ ಉತ್ಸಾಹಕ್ಕೆ ತಣ್ಣೀರೆರಚುವ ಉದ್ದೇಶ ನನಗಿಲ್ಲ. ಆದರೂ ಹಳೆಯ ಕಾರುಗಳನ್ನೇ ಹತ್ತು ವರ್ಷಗಳಿಂದ ತೆಗೆಯುತ್ತಿರುವವಳಾಗಿ ಹೇಳಲೇಬೇಕು: ಆ ಎಂಜಿಬಿಯನ್ನು ಮನೆಯಲ್ಲೇ ಬಿಡಿ.

ಟ್ರಾಮ್ ಅಲ್ಲಿ ಓಡುತ್ತದೆ, ಏಕೆಂದರೆ ಹಳಿ ಅಲ್ಲಿದೆ. ಹಡಗು ಅಲ್ಲಿ ಹಾಯುತ್ತದೆ, ಏಕೆಂದರೆ ಆಳವಾದ ನೀರು ಅಲ್ಲಿದೆ. ಕಾರು ಅಲ್ಲಿ ನಿಂತಿರುವುದು ನೀವು ನಿಲ್ಲಿಸಿದ್ದರಿಂದ ಮಾತ್ರ, ಮತ್ತು ನೋಡುವವರಿಗೆ ಅದು ಗೊತ್ತಾಗಿಯೇ ಆಗುತ್ತದೆ. ಹಳೆಯ ಸ್ಪೋರ್ಟ್ಸ್ ಕಾರಿಗೆ ತನ್ನದೇ ಜಾಗಗಳಿವೆ. ಆಗಸ್ಟ್‌ನಲ್ಲಿ ಮಾಂಟೆರೆ ಕಡೆಗೆ ಹೋಗಿ. ಪೆಬಲ್ ಬೀಚ್‌ನಲ್ಲಿ 1950ರಿಂದಲೂ ಕಾರುಗಳ ಸೌಂದರ್ಯ ಸ್ಪರ್ಧೆ ನಡೆಯುತ್ತಿದೆ. ಅಲ್ಲಿನ ಪೈನ್ ಮರಗಳ ನಡುವಿನ ರಸ್ತೆಗಳಲ್ಲಿಯೇ ಮೊದಲು ರೇಸ್ ಕೂಡ ನಡೆಯುತ್ತಿತ್ತು. 1956ರಲ್ಲಿ ಚಾಲಕರೊಬ್ಬರು ಮರಕ್ಕೆ ಡಿಕ್ಕಿ ಹೊಡೆದು ಮೃತಪಟ್ಟ ಮೇಲೆ ಅದು ನಿಂತಿತು, ಮರುವರ್ಷವೇ ಲಗೂನಾ ಸೇಕಾ ಟ್ರ್ಯಾಕ್ ಸಿದ್ಧವಾಯಿತು. ಅಲ್ಲಿ 1974ರಿಂದ ಹಳೆಯ ರೇಸ್ ಕಾರುಗಳು ಪ್ರದರ್ಶನಕ್ಕೆ ನಿಲ್ಲದೆ ನಿಜವಾಗಿಯೇ ಓಡುತ್ತಿವೆ. ಕಾರ್ಕ್‌ಸ್ಕ್ರೂ ಎಂಬ ತಿರುವಿನಲ್ಲಿ ನೆಲವೇ ಕಾಲಡಿಯಿಂದ ಜಾರಿದಂತೆ ಸುಮಾರು 18 ಮೀಟರ್ ಕೆಳಗಿಳಿಯುತ್ತದೆ. ಕಾರಿನ ಮೂತಿ ಕೆಳಕ್ಕೆ ಬಾಗಿ, ಒಳಬದಿಯ ಮುಂಚಕ್ರ ಹಗುರಾಗುವ ಕ್ಷಣವನ್ನು ಹಿಡಿಯಬೇಕಾದದ್ದು ಅಲ್ಲಿ.

ಅಲ್ಲಿಯೂ ಹೊಸಬರು ಮಾಡುವ ತಪ್ಪು ಒಂದೇ. ಶಟರ್ ವೇಗವನ್ನು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕೆ ಇಡುತ್ತಾರೆ. ಚಕ್ರದ ತಂತಿಕಡ್ಡಿಗಳು ಒಂದೊಂದಾಗಿ ಎಣಿಸುವಂತೆ ನಿಂತುಬಿಡುತ್ತವೆ, ಗಂಟೆಗೆ 150 ಕಿ.ಮೀ. ವೇಗದ ಕಾರು ಪಾರ್ಕಿಂಗ್‌ನಲ್ಲಿ ನಿಂತಂತೆ ಕಾಣುತ್ತದೆ. 1/125ರಿಂದ ಶುರುಮಾಡಿ, ಕೈ ಕುದುರಿದಂತೆ 1/60, 1/30ಕ್ಕೆ ಇಳಿಯಿರಿ. ಕಾರನ್ನು ಕ್ಯಾಮೆರಾದಿಂದ ಹಿಂಬಾಲಿಸುತ್ತ ಸೊಂಟದಿಂದ ತಿರುಗಬೇಕು, ಬರೀ ತೋಳಿನಿಂದಲ್ಲ. ನೂರರಲ್ಲಿ ತೊಂಬತ್ತು ಹಾಳಾಗುತ್ತವೆ, ಆಗಲಿ.

ನಿಂತ ಕಾರಿನ ವಿಷಯವೇ ಬೇರೆ. ಅಲ್ಲಿ ನೀವು ತೆಗೆಯುವುದು ಕಾರನ್ನಲ್ಲ, ಅದರ ಮೈಮೇಲೆ ಬಿದ್ದಿರುವ ಆಕಾಶವನ್ನು. ಬಾನೆಟ್ ಮೇಲೆ ಯಾವ ಕಟ್ಟಡ, ಯಾವ ಕಂಬ, ಯಾವ ಕೆಂಪು ಅಂಗಿಯ ಪ್ರವಾಸಿ ಪ್ರತಿಫಲಿಸುತ್ತಿದ್ದಾನೆ ಎಂದು ಮೊದಲು ನೋಡಿ. ಲೆನ್ಸ್‌ಗೆ ಪೋಲರೈಸರ್ ಎಂಬ ಫಿಲ್ಟರ್ ಹಾಕಿದರೆ ಗಾಜಿನ ಮತ್ತು ಬಣ್ಣದ ಮೇಲಿನ ಹೊಳಪು ಸ್ವಲ್ಪ ಇಳಿಯುತ್ತದೆ, ಆದರೆ ಕ್ರೋಮ್ ಬಂಪರ್‌ನ ಹೊಳಪಿಗೆ ಅದು ಏನೂ ಮಾಡಲಾರದು. ಬರಿಯ ಲೋಹದ ಪ್ರತಿಫಲನಕ್ಕೆ ಆ ಫಿಲ್ಟರ್ ಕೆಲಸಕ್ಕೆ ಬಾರದು. ಇನ್ನು ಎತ್ತರ. ಫೋರ್ಡ್ ಜಿಟಿ40 ಕಾರಿಗೆ ಆ ಹೆಸರು ಬಂದದ್ದೇ ಅದರ ಎತ್ತರ 40 ಅಂಗುಲವೆಂದು, ಅಂದರೆ ಒಂದು ಮೀಟರಿಗಿಂತ ತುಸು ಹೆಚ್ಚು. ಇಂಥ ಕಾರನ್ನು ನಿಂತ ಎತ್ತರದಿಂದ ತೆಗೆದರೆ ಛಾವಣಿಯೇ ಕಾಣುತ್ತದೆ. ಮಂಡಿಯೂರಿ, ಹೆಡ್‌ಲೈಟ್ ಮಟ್ಟಕ್ಕೆ ಕ್ಯಾಮೆರಾ ಇಳಿಸಿ, ದೂರ ಸರಿದು 85 ಮಿ.ಮೀ. ಅಥವಾ ಹೆಚ್ಚಿನ ಲೆನ್ಸ್‌ನಿಂದ ತೆಗೆಯಿರಿ. ಹತ್ತಿರದಿಂದ ಅಗಲ ಲೆನ್ಸ್‌ನಲ್ಲಿ ತೆಗೆದರೆ ಇ-ಟೈಪ್ ಜಾಗ್ವಾರ್‌ನ ಮೊದಲೇ ಉದ್ದವಿರುವ ಮೂತಿ ಹಾರ್ನ್‌ಬಿಲ್ ಕೊಕ್ಕಿನಂತಾಗುತ್ತದೆ.

ಲೆಕ್ಕದ ಲೆನ್ಸ್:

ಬೇಕೋ ಬೇಡವೋ ಎಂಬ ವಾದದಲ್ಲಿ ನಾನು ತಲೆಹಾಕುವುದಿಲ್ಲ, ಸಾಧ್ಯವೋ ಅಲ್ಲವೋ ಎಂಬುದನ್ನು ಲೆಕ್ಕ ಹಾಕೋಣ.

ಲೆನ್ಸ್ ದೂರದ ವಸ್ತುವನ್ನು ಹತ್ತಿರ ಎಳೆದು ಒತ್ತರಿಸುತ್ತದೆ ಎಂಬುದು ತಪ್ಪು ಕಲ್ಪನೆ. ವಸ್ತುಗಳ ಸಾಪೇಕ್ಷ ಗಾತ್ರವನ್ನು ನಿರ್ಧರಿಸುವುದು ನಾವು ನಿಲ್ಲುವ ದೂರ ಮಾತ್ರ, ಲೆನ್ಸ್ ಅದರಲ್ಲಿ ಎಷ್ಟು ಭಾಗವನ್ನು ಕತ್ತರಿಸಿಕೊಳ್ಳಬೇಕು ಎಂಬುದನ್ನಷ್ಟೇ ಹೇಳುತ್ತದೆ. ಹಡಗಿನ ಉದ್ದ 300 ಮೀಟರ್, ಅದು ನಮ್ಮಿಂದ 1,500 ಮೀಟರ್ ದೂರದಲ್ಲಿದೆ ಎಂದು ಇಟ್ಟುಕೊಳ್ಳೋಣ. ಅನುಪಾತ ಐದರಲ್ಲಿ ಒಂದು. ಪಿಸಿಸಿ ಟ್ರಾಮ್‌ನ ಉದ್ದ ಸುಮಾರು 15 ಮೀಟರ್. ಅದೂ ಚಿತ್ರದಲ್ಲಿ ಹಡಗಿನಷ್ಟೇ ಉದ್ದ ಕಾಣಬೇಕಾದರೆ ನಾವು ಟ್ರಾಮ್‌ನಿಂದ 75 ಮೀಟರ್ ದೂರದಲ್ಲಿರಬೇಕು. ಎಂಬಾರ್ಕಡೆರೋದ ಎದುರು ಬದಿಯಲ್ಲಿ ನಿಂತರೆ ಅಷ್ಟು ದೂರ ಸಿಗುವುದಿಲ್ಲ. ಬ್ರಾಡ್‌ವೇ ರಸ್ತೆಯೊಳಗೆ ಹಿಂದಕ್ಕೆ ನಡೆಯಬೇಕು. ಮಲೆನಾಡಿಗರಿಗೆ ಹಡಗು ಚಿಕ್ಕದಾಗಿ ಕಂಡಿದ್ದರೆ ಕಾರಣ ಇದೇ, ಅವರು ಟ್ರಾಮ್‌ಗೆ ತೀರಾ ಹತ್ತಿರ ನಿಂತಿದ್ದಾರೆ.

ಇನ್ನು ಲೆನ್ಸ್. ಫುಲ್ ಫ್ರೇಮ್ ಸೆನ್ಸರ್‌ನ ಅಗಲ 36 ಮಿ.ಮೀ. ಐದರಲ್ಲಿ ಒಂದರ ಅನುಪಾತದ ವಸ್ತು 180 ಮಿ.ಮೀ. ಲೆನ್ಸ್‌ನಲ್ಲಿ ಚೌಕಟ್ಟನ್ನು ಅಂಚಿನಿಂದ ಅಂಚಿಗೆ ತುಂಬುತ್ತದೆ. ಸುತ್ತ ಉಸಿರಾಡಲು ಜಾಗ ಬೇಕಾದ್ದರಿಂದ 135 ಮಿ.ಮೀ. ಸೂಕ್ತ. ಲೆನ್ಸ್‌ನ ಬೆಳಕಿಂಡಿ ಎಫ್/8ರಲ್ಲಿದ್ದಾಗ ಅದರ ಹೈಪರ್‌ಫೋಕಲ್ ದೂರ (ಅಲ್ಲಿಗೆ ಫೋಕಸ್ ಇಟ್ಟರೆ ಅದರ ಅರ್ಧದಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ) ಲೆಕ್ಕ ಹಾಕಿದರೆ ಸುಮಾರು 76 ಮೀಟರ್ ಬರುತ್ತದೆ. ಅಂದರೆ 75 ಮೀಟರ್ ದೂರದ ಟ್ರಾಮ್ ಮೇಲೆ ಫೋಕಸ್ ಮಾಡಿದರೆ ಹಡಗೂ ತಕ್ಕಮಟ್ಟಿಗೆ ಸ್ಪಷ್ಟವಾಗಿಯೇ ಇರುತ್ತದೆ. ಇಷ್ಟು ಚೆನ್ನಾಗಿ ಹೊಂದುತ್ತದೆ ಎಂದು ಲೆಕ್ಕ ಹಾಕುವ ಮೊದಲು ನನಗೂ ಗೊತ್ತಿರಲಿಲ್ಲ.

ಕಾರು ಸೇರಿಸಿದ ಕೂಡಲೇ ತೊಡಕು ಶುರುವಾಗುತ್ತದೆ. ಎಂಜಿಬಿಯ ಉದ್ದ ನಾಲ್ಕು ಮೀಟರಿಗೆ ಹತ್ತಿರ, ಅದೇ ಗಾತ್ರಕ್ಕೆ ಕಾಣಲು 20 ಮೀಟರ್ ದೂರದಲ್ಲಿರಬೇಕು. ಎಫ್/8ರಲ್ಲಿ 38 ಮೀಟರಿಗಿಂತ ಹತ್ತಿರದ್ದೆಲ್ಲ ಮಸುಕು. ಎಫ್/16ಕ್ಕೆ ಇಳಿಸಿ, ಸುಮಾರು 38 ಮೀಟರಿಗೆ ಫೋಕಸ್ ಇಟ್ಟರೆ 19 ಮೀಟರಿನಿಂದ ದಿಗಂತದವರೆಗೆ ಹಿಡಿಯಬಹುದು. ಆದರೆ ಒಳ್ಳೆಯ ಬಿಸಿಲಿನಲ್ಲಿಯೂ ಐಎಸ್‌ಒ, ಅಂದರೆ ಸೆನ್ಸರ್‌ನ ಬೆಳಕಿನ ಸಂವೇದನೆ, 100ರಲ್ಲಿದ್ದಾಗ ಎಫ್/16ಕ್ಕೆ ಶಟರ್ 1/100ರ ಆಸುಪಾಸು ಬರುತ್ತದೆ. ಗಂಟೆಗೆ 30 ಕಿ.ಮೀ. ವೇಗದ ಟ್ರಾಮ್ ಅಷ್ಟರಲ್ಲಿ 8 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, ಚಿತ್ರದಲ್ಲಿ ಅದರ ಅಂಚು ಉಜ್ಜಿದಂತೆ ಕಾಣುತ್ತದೆ. ಐಎಸ್‌ಒ 500, ಶಟರ್ 1/500 ಇಟ್ಟರೆ ಪಾರಾಗಬಹುದು. ಇಲ್ಲವೇ ಟ್ರಾಮ್ ಸಿಗ್ನಲ್‌ನಲ್ಲಿ ನಿಂತಾಗ ತೆಗೆಯಬೇಕು. ಸಾಧ್ಯವೇ ಎಂದರೆ ಸಾಧ್ಯ. ಆದರೆ ಹಡಗಿನಷ್ಟೇ ದೊಡ್ಡದಾಗಿ ಕಾಣುವ ಕಾರು ಹಡಗಿನಷ್ಟೇ ದೊಡ್ಡದಾಗಿ ಟ್ರಾಮ್ ಅನ್ನು ಮರೆಮಾಡುತ್ತದೆ ಎಂಬುದನ್ನೂ ನೆನಪಿಡಿ. ಕ್ಯಾಮೆರಾ ಎತ್ತರದಲ್ಲಿರಬೇಕು, ಅಲ್ಲದಿದ್ದರೆ ಕಾರು ಒಂದು ಬದಿಗೆ ಸರಿಯಬೇಕು.

ಮೆಲ್ಬರ್ನ್ ಕನ್ನಡತಿ:

ಟ್ರಾಮ್ ಎಂದು ಓದಿ ಒಳಬಂದೆ. ನಮ್ಮೂರಿನ ಡಬ್ಲ್ಯೂ2 ವರ್ಗದ 496ನೆಯ ಗಾಡಿ ನಿಮ್ಮಲ್ಲಿದೆ. ಎಂದಾದರೂ ಸಿಕ್ಕರೆ ನಮಗಾಗಿ ಒಂದು ಚಿತ್ರ ತೆಗೆಯಿರಿ. ಡಬ್ಲ್ಯೂ ವರ್ಗದ ಗಾಡಿಗಳನ್ನು ಇಲ್ಲಿ 1923ರಿಂದ 1956ರವರೆಗೆ ಕಟ್ಟಿದರು, 1994ರಲ್ಲಿ ಆರಂಭವಾದ ಸಿಟಿ ಸರ್ಕಲ್ ಮಾರ್ಗದಲ್ಲಿ ಅವನ್ನು ಓಡಿಸಲಾಯಿತು.

ಒಂದು ಸಣ್ಣ ಸಲಹೆ. ಟ್ರಾಮ್ ತೆಗೆಯುವ ಹೊಸಬರು ಮೇಲಿನ ತಂತಿಗಳನ್ನು ಶತ್ರುಗಳೆಂದು ಭಾವಿಸಿ ಆಮೇಲೆ ಅಳಿಸಿಹಾಕುತ್ತಾರೆ. ತಂತಿಯಿಲ್ಲದೆ, ವಿದ್ಯುತ್ ಪಡೆಯುವ ಛಾವಣಿಯ ಟ್ರಾಲಿ ಕೋಲು ಗಾಳಿಯನ್ನು ಮುಟ್ಟಿಕೊಂಡು ನಿಂತ ಟ್ರಾಮ್ ಆಟಿಕೆಯಂತೆ ಕಾಣುತ್ತದೆ. ಕೋಲಿನ ತುದಿಯ ಚಕ್ರವೋ ಜಾರುಗವೋ ತಂತಿಯನ್ನು ಮುಟ್ಟುವ ಬಿಂದು ಚೌಕಟ್ಟಿನೊಳಗೆ ಇರಲಿ. ಅಲ್ಲಿಂದಲೇ ಅದರ ಜೀವ ಇಳಿದುಬರುವುದು.

ಮಲೆನಾಡಿಗ_ಫ್ರೀಮಾಂಟ್:

ಇಷ್ಟು ಉತ್ತರ ಬರುತ್ತದೆಂದು ನಾನು ಎಣಿಸಿರಲಿಲ್ಲ, ಎಲ್ಲರಿಗೂ ಕೃತಜ್ಞ. ಹಳೇ ಬಾನೆಟ್ ಅವರ ಆಕ್ಷೇಪಣೆಗೆ ಒಂದು ಮರುಪ್ರಶ್ನೆ: ಕಾರನ್ನು ನಾನು ನಿಲ್ಲಿಸುವುದು ಕೃತಕವೆಂದಾದರೆ, ಫಿಲಡೆಲ್ಫಿಯಾದಲ್ಲಿ ದುಡಿದ ಟ್ರಾಮ್‌ಗೆ ಬೇರಾವುದೋ ಊರಿನ ಬಣ್ಣ ಬಳಿದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಓಡಿಸುವುದು ಕೃತಕವಲ್ಲವೇ?

ಅಂದಹಾಗೆ, ಹಡಗುಗಳನ್ನು ಹತ್ತಿರದಿಂದ ತೆಗೆಯುವ ಆಸೆಯಿಂದ ಕಳೆದ ವಾರ ಓಕ್‌ಲ್ಯಾಂಡ್ ಕಡೆಯ ಒಂದು ಟರ್ಮಿನಲ್‌ನ ಗೇಟಿನ ಬಳಿ ಕ್ಯಾಮೆರಾ ತೆಗೆದೆ. ಕಾವಲುಗಾರರು ಬಂದು ಬಹಳ ಮರ್ಯಾದೆಯಿಂದಲೇ ವಾಪಸು ಕಳಿಸಿದರು.

ಪಣಂಬೂರಿನವ:

ಬಂದರುಗಳ ಗೇಟಿನಲ್ಲಿ ಎಲ್ಲೆಡೆಯೂ ಅದೇ ಅನುಭವ. ನಮ್ಮ ನವ ಮಂಗಳೂರು ಬಂದರಿನಲ್ಲಿಯೂ ಒಳಗೆ ಕ್ಯಾಮೆರಾ ತರುವಂತಿಲ್ಲ, ನಾವು ಪಣಂಬೂರು ಕಡಲತೀರದಲ್ಲಿ ನಿಂತು ಹೊರಗೆ ಲಂಗರು ಹಾಕಿದ ಹಡಗುಗಳನ್ನು ತೆಗೆದು ತೃಪ್ತರಾಗುತ್ತೇವೆ. ಓಕ್‌ಲ್ಯಾಂಡ್‌ನವರು ಈ ವಿಷಯದಲ್ಲಿ ಪುಣ್ಯವಂತರು. ಅಲ್ಲಿ 2004ರಲ್ಲಿ ತೆರೆದ ಮಿಡಲ್ ಹಾರ್ಬರ್ ಶೋರ್‌ಲೈನ್ ಪಾರ್ಕ್ ಇದೆ, ವೀಕ್ಷಣಾ ಗೋಪುರವೂ ಇದೆ. ಕ್ರೇನ್‌ಗಳು ಕಂಟೇನರ್ ಎತ್ತುವುದನ್ನು ಯಾರ ಅಪ್ಪಣೆಯೂ ಇಲ್ಲದೆ ನೋಡಬಹುದು. ಡ್ರೋನ್ ಯೋಚನೆ ಮಾತ್ರ ಬೇಡ. ಗೋಲ್ಡನ್ ಗೇಟ್ ಸುತ್ತಲಿನ ರಾಷ್ಟ್ರೀಯ ಉದ್ಯಾನದ ನೆಲದಿಂದ ಅದನ್ನು ಹಾರಿಸುವುದು ನಿಷಿದ್ಧ.

2015ರ ಡಿಸೆಂಬರ್ 31ರಂದು ಸಿಎಂಎ ಸಿಜಿಎಂ ಬೆಂಜಮಿನ್ ಫ್ರಾಂಕ್ಲಿನ್ ಎಂಬ ಹಡಗು ಓಕ್‌ಲ್ಯಾಂಡ್‌ಗೆ ಬಂದಿತ್ತು. ಉದ್ದ 399 ಮೀಟರ್, ಅಗಲ 54 ಮೀಟರ್. ಇಪ್ಪತ್ತು ಅಡಿಯ ಲೆಕ್ಕದಲ್ಲಿ ಸುಮಾರು 18,000 ಕಂಟೇನರ್ ಹೊರುವ ಹಡಗು. ಗೋಲ್ಡನ್ ಗೇಟ್‌ನಲ್ಲಿ ನೀರಿನಿಂದ ಸೇತುವೆಗೆ ಇರುವ ಅಂತರ 67 ಮೀಟರ್. ಅಂಥ ಹಡಗಿನ ಮೇಲಿನಿಂದ ನೋಡಿದಾಗ ಸೇತುವೆ ತಲೆಗೇ ತಾಗುತ್ತದೆ ಎನಿಸುತ್ತದೆ, ಎಷ್ಟು ಬಾರಿ ಹಾಯ್ದರೂ ಆ ಭಾವನೆ ಹೋಗುವುದಿಲ್ಲ.

ತಂತಿಯಡಿಯ ಗಾಡಿ:

ಕೃತಕ ಎಂಬ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಅದು ನನ್ನ ಗಾಡಿಗಳ ಮಾನದ ಪ್ರಶ್ನೆ.

ಬಣ್ಣ ಎರವಲಿನದು, ಒಪ್ಪಿದೆ. ಆದರೆ ಗಾಡಿ ಟಿಕೆಟ್ ಪಡೆದು ಜನರನ್ನು ಹೊತ್ತೊಯ್ಯುತ್ತದೆ, ಅದು ದುಡಿಯುವ ಗಾಡಿ. ಇನ್ನೊಂದು ಸಂಗತಿಯನ್ನು ಗಮನಿಸಿ. ಪಿಯರ್ ಎಂದು ಇಲ್ಲಿ ಕರೆಯುವ, ಕರಾವಳಿಯವರು ಧಕ್ಕೆ ಎನ್ನುವ ಈ ಕಟ್ಟೆಗಳ ಮೇಲೆ ಒಂದು ಕಾಲದಲ್ಲಿ ಮೂಟೆ, ಪೆಟ್ಟಿಗೆಗಳನ್ನು ಕೂಲಿಯವರು ಒಂದೊಂದಾಗಿ ಇಳಿಸುತ್ತಿದ್ದರು. 1956ರಲ್ಲಿ ಮಾಲ್ಕಂ ಮೆಕ್ಲೀನ್ ಎಂಬ ಲಾರಿ ಉದ್ಯಮಿ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ 58 ಕಂಟೇನರ್‌ಗಳನ್ನು ಹಡಗಿನಲ್ಲಿ ಸಾಗಿಸಿದ ಮೇಲೆ ಕ್ರಮೇಣ ಆ ಕೆಲಸದ ರೀತಿಯೇ ಬದಲಾಯಿತು. ಕಂಟೇನರ್‌ಗೆ ಬೆರಳುಗಳಂತೆ ಚಾಚಿದ ಕಿರಿದಾದ ಕಟ್ಟೆ ಸಾಲದು, ಪೆಟ್ಟಿಗೆಗಳನ್ನು ಹರಡಲು ವಿಶಾಲವಾದ ಬಯಲು ಬೇಕು, ಬೆನ್ನಿಗೆ ರೈಲು ಬೇಕು. ಅವೆಲ್ಲ ಇದ್ದದ್ದು ಕೊಲ್ಲಿಯ ಆಚೆ ದಡದ ಓಕ್‌ಲ್ಯಾಂಡ್‌ನಲ್ಲಿ. ಹಡಗುಗಳು ಅತ್ತ ಹೋದವು, ಈ ಕಡೆಯ ಕಟ್ಟೆಗಳು ಖಾಲಿ ಬಿದ್ದವು.

ಆ ಕಟ್ಟೆಗಳ ಮುಂದೆ ಎರಡು ಅಂತಸ್ತಿನ ಹೆದ್ದಾರಿಯೊಂದು ಕಡಲನ್ನೇ ಮರೆಮಾಡಿ ನಿಂತಿತ್ತು. 1989ರ ಅಕ್ಟೋಬರ್ 17ರ ಭೂಕಂಪದಲ್ಲಿ ಅದು ಜಖಂಗೊಂಡು, 1991ರಲ್ಲಿ ಅದನ್ನು ಕೆಡವಿದರು. ತೆರವಾದ ಆ ದಂಡೆಯಲ್ಲಿ ತಾಳೆ ಮರಗಳ ಸಾಲಿನ ನಡುವೆ ಹಾಕಿದ ಹಳಿಯ ಮೇಲೆಯೇ ಈಗ ಟ್ರಾಮ್ ಓಡುತ್ತಿರುವುದು. ಹೀಗಾಗಿ ಖಾಲಿ ಧಕ್ಕೆಯ ಮುಂದೆ ಟ್ರಾಮ್, ಹಿಂದೆ ಓಕ್‌ಲ್ಯಾಂಡ್‌ಗೆ ಹೋಗುವ ಕಂಟೇನರ್ ಹಡಗು ಇರುವ ಚಿತ್ರದಲ್ಲಿ ಯಾವುದನ್ನೂ ಯಾರೂ ತಂದು ನಿಲ್ಲಿಸಿಲ್ಲ. ಒಂದು ಹೋದದ್ದರಿಂದಲೇ ಇನ್ನೊಂದಕ್ಕೆ ಜಾಗವಾಯಿತು. ಎಂಜಿಬಿಗೆ ಈ ಕಥೆಯಲ್ಲಿ ಪಾತ್ರವಿಲ್ಲ ಎಂಬ ಹಳೇ ಬಾನೆಟ್ ಅವರ ಮಾತಿಗೆ ನನ್ನ ಸಹಮತವಿದೆ.

ಹಳೇ ಬಾನೆಟ್:

ನನಗಿಂತ ಚೆನ್ನಾಗಿ ಹೇಳಿದಿರಿ. ಆದರೂ ಮಲೆನಾಡಿಗರು ಒಮ್ಮೆ ಕಾರನ್ನು ಕೊಂಡೊಯ್ದು ನೋಡಲಿ. ತಾವೇ ನೋಡದೆ ಅವರು ಬಿಡುವವರಲ್ಲ.

ಮಲೆನಾಡಿಗ_ಫ್ರೀಮಾಂಟ್:

ಮೂರು ಶನಿವಾರಗಳ ವರದಿಯನ್ನು ಒಪ್ಪಿಸುತ್ತಿದ್ದೇನೆ.

ಮೊದಲನೆಯ ಶನಿವಾರ ಮಂಜು ಮಧ್ಯಾಹ್ನ ಎರಡು ಗಂಟೆಯಾದರೂ ಕದಲಲಿಲ್ಲ. ಹಡಗಿನ ಹಾರ್ನ್ ಕೇಳಿಸಿತು, ಹಡಗು ಕಾಣಲಿಲ್ಲ. ಆಗಸ್ಟ್‌ನಲ್ಲಿ ಇಲ್ಲಿ ಬಿಸಿಲನ್ನು ನಂಬಿದ್ದು ನನ್ನದೇ ತಪ್ಪು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೇ ಇಲ್ಲಿನ ನಿಜವಾದ ಬೇಸಿಗೆ ಎಂದು ಹಳಬರು ಹೇಳುವುದು ಸುಳ್ಳಲ್ಲ.

ಎರಡನೆಯ ಬಾರಿ ಎಂಜಿಬಿಯೊಂದಿಗೆ ಹೋದೆವು. ಬ್ರಾಡ್‌ವೇಯಲ್ಲಿ ಲೆಕ್ಕದ ಲೆನ್ಸ್ ಅವರು ಹೇಳಿದ 20 ಮೀಟರ್ ದೂರದಲ್ಲಿ ಕಾರು ನಿಲ್ಲಿಸುವ ಜಾಗ ಸಿಗಲು ನಲವತ್ತು ನಿಮಿಷ ಹಿಡಿಯಿತು. ಮಡಚುವ ಏಣಿಯ ಮೇಲೆ ಹತ್ತಿ ನಿಂತೆ. ಹಡಗು ಬಂತು, ಟ್ರಾಮ್ ಕೂಡ ಬಂತು. ಎಫ್/16, ಐಎಸ್‌ಒ 500, 1/500. ಮೂರೂ ಒಂದೇ ಚೌಕಟ್ಟಿನಲ್ಲಿವೆ, ಮೂರೂ ಸ್ಪಷ್ಟವಾಗಿವೆ. ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದಾಗ ಮಾತ್ರ ಮನಸ್ಸು ಇಳಿಯಿತು. ಕಾರಿನ ವಿಮೆಯ ಜಾಹೀರಾತಿನಂತೆ ಕಾಣುತ್ತದೆ. ಕಾರಿನ ಬಾಗಿಲಿನ ಮೇಲೆ ಎದುರಿನ ಕಟ್ಟಡದ ಕಿಟಕಿಗಳ ಸಾಲು ಬಿದ್ದಿದೆ, ಬಾನೆಟ್ ಮೇಲೆ ಏಣಿಯೂ ನಾನೂ ಇದ್ದೇವೆ.

ಮೂರನೆಯ ಬಾರಿ ಒಬ್ಬನೇ ಹೋದೆ. 135 ಮಿ.ಮೀ., ಎಫ್/8, ಏಣಿ ಇಲ್ಲ. ಎರಡೂವರೆ ಗಂಟೆಗಳ ನಂತರ, ಸಿನ್ಸಿನಾಟಿಯ ಹಳದಿ ಬಣ್ಣಕ್ಕೆ ಹಸಿರು ಗೆರೆಗಳಿರುವ 1057ನೆಯ ಗಾಡಿ ಸಿಗ್ನಲ್‌ಗೆ ನಿಂತಿತು. ಅದರ ಛಾವಣಿಯ ಮೇಲೆ, ಟ್ರಾಲಿ ಕೋಲಿನ ಹಿಂದೆ, ಕಂಟೇನರ್‌ಗಳ ಗೋಡೆಯೊಂದು ನಿಧಾನವಾಗಿ ಜರುಗುತ್ತಿತ್ತು. ಟ್ರಾಮ್‌ನ ಕಿಟಕಿಯಲ್ಲಿ ಕುಳಿತ ಹೆಂಗಸೊಬ್ಬರು ಅತ್ತ ತಿರುಗಿ ಹಡಗನ್ನೇ ನೋಡುತ್ತಿದ್ದರು. ಏಳು ಚಿತ್ರ ತೆಗೆದೆ. ಅವುಗಳಲ್ಲಿ ಎರಡನ್ನು ಇಲ್ಲಿ ಹಾಕಿದ್ದೇನೆ. ದಯವಿಟ್ಟು ಮುಲಾಜಿಲ್ಲದೆ ಹೇಳಿ.

ತಂತಿಯಡಿಯ ಗಾಡಿ:

ಎರಡನೆಯದು ಮೊದಲನೆಯದಕ್ಕಿಂತ ಬಹಳ ಮೇಲು. ಕೋಲು ತಂತಿಯನ್ನು ಮುಟ್ಟುವ ಬಿಂದು ಒಂದು ಕೂದಲಿನಷ್ಟರಲ್ಲಿ ಉಳಿದುಕೊಂಡಿದೆ. ಎಡಬದಿಯ ದೀಪದ ಕಂಬ ಮಾತ್ರ ಟ್ರಾಮ್‌ನ ಮೂಗಿಗೆ ಅಂಟಿದಂತಿದೆ. ಎರಡು ಹೆಜ್ಜೆ ಬಲಕ್ಕೆ ಸರಿದಿದ್ದರೆ ಅದು ಬಿಡಿಯಾಗುತ್ತಿತ್ತು.

ಪಣಂಬೂರಿನವ:

ಹಡಗಿನ ಮೂತಿಯನ್ನು ಉಗ್ರಾಣದ ಗೋಡೆ ತಿಂದಿದೆ. ಒಳಬರುವ ಹಡಗು ನಿಮ್ಮ ಎಡದಿಂದ ಬಲಕ್ಕೆ ಸಾಗುತ್ತದೆ, ಆದ್ದರಿಂದ ಮೂತಿ ಬಲಗಡೆಯ ಪಿಯರ್ 5ರ ಹಿಂದೆ ಸೇರುವ ಮೊದಲೇ, ಅಂದರೆ ಇಪ್ಪತ್ತು ಸೆಕೆಂಡು ಮುಂಚೆ ಒತ್ತಬೇಕಿತ್ತು. ಸಿಗ್ನಲ್ ನಿಮ್ಮ ಕೈಯಲ್ಲಿಲ್ಲ, ಗೊತ್ತು. ಕೆಂಪು ಪಟ್ಟಿ ಕಾಣುತ್ತಲೇ ಇಲ್ಲ, ಹಡಗು ಚೆನ್ನಾಗಿ ತುಂಬಿಕೊಂಡೇ ಬಂದಿದೆ. ಅದೇ ಹಡಗು ಹೊರಹೋಗುವಾಗಲೂ ಹಿಡಿಯಲು ನೋಡಿ.

ಮಲೆನಾಡಿಗ_ಫ್ರೀಮಾಂಟ್:

ಆ್ಯಪ್‌ನಲ್ಲಿ ನೋಡಿದೆ, ಹಡಗು ಇನ್ನೂ ಓಕ್‌ಲ್ಯಾಂಡ್‌ನಲ್ಲೇ ಇದೆ. ನಾಳೆ ಮಧ್ಯಾಹ್ನ ಹೊರಟರೆ ಕಚೇರಿಗೆ ಅರ್ಧ ದಿನ ರಜೆ ಹಾಕುತ್ತೇನೆ. ಬ್ರಾಡ್‌ವೇಯಲ್ಲಿ ಎರಡು ಹೆಜ್ಜೆ ಬಲಕ್ಕೆ ನಿಲ್ಲುವುದನ್ನು ಮರೆಯುವುದಿಲ್ಲ.